ಇಂಗ್ಲೆಂಡಿನ ನರಿ ಬೇಟೆಗೆ ಅತಿಥಿಯಾಗಿ ಕರೆದಿದ್ದಾರೆ. ಕೆಂಪು ಕೋಟು ಎಲ್ಲಿ ಸಿಗುತ್ತೆ, ಜೊತೆಗೆ ಏನು ಹಾಕಿಕೊಳ್ಳಬೇಕು?

ದಯವಿಟ್ಟು ಕೆಂಪು ಕೋಟು ಕೊಳ್ಳಬೇಡಿ. ನಿಮ್ಮ ಪ್ರಶ್ನೆ ಓದಿ ನನ್ನದೇ ಹಳೇ ಮೆಸೇಜ್ ಓದಿದ ಹಾಗಾಯಿತು. ನನ್ನನ್ನೂ ಆಫೀಸಿನ ಗೆಳತಿಯೊಬ್ಬಳು ಕರೆದಿದ್ದಳು, ಲೆಸ್ಟರ್‌ಶೈರ್ ಕಡೆ, ನವೆಂಬರಿನಲ್ಲಿ. ಸವಾರಿ ಬರುತ್ತಿತ್ತು. ಕಾಲೇಜಿನಲ್ಲಿದ್ದಾಗ ಹೆಬ್ಬಾಳದ ಎನ್‌ಸಿಸಿ ಕುದುರೆ ವಿಭಾಗದಲ್ಲಿ ಕಲಿತಿದ್ದೆ. ಹಾಗಾಗಿ ಚಿಂತೆಯೆಲ್ಲ ಬಟ್ಟೆಯದ್ದೇ ಆಗಿತ್ತು.

ಆ ಕೆಂಪು ಕೋಟು ಅಲ್ಲಿ ಸಮವಸ್ತ್ರ. ಬೇಟೆಯ ಯಜಮಾನರಾದ ಮಾಸ್ಟರ್, ಹೌಂಡ್‌ಗಳನ್ನು (ಬೇಟೆ ನಾಯಿಗಳನ್ನು) ನಡೆಸುವ ಹಂಟ್ಸ್‌ಮನ್, ಅವನ ಸಹಾಯಕರು, ಮತ್ತೆ ಆ ಹಂಟ್‌ನ, ಅಂದರೆ ಬೇಟೆ ಸಂಘದ, ಗುರುತಿರುವ ಗುಂಡಿ ಹಾಕಿಕೊಳ್ಳಲು ಅನುಮತಿ ಪಡೆದ ಹಳಬ ಗಂಡಸರು, ಇಷ್ಟೇ ಜನಕ್ಕೆ. ಅತಿಥಿ ಅದನ್ನು ಹಾಕಿಕೊಂಡು ಹೋದರೆ ಇಲ್ಲದ ಹುದ್ದೆ ಹೇಳಿಕೊಂಡಂತೆ. ಎಲ್ಲ ಕಡೆ ಕೆಂಪೂ ಇಲ್ಲ. ಬೋಫರ್ಟ್ ಹಂಟ್‌ನಲ್ಲಿ ಸಿಬ್ಬಂದಿಯ ಕೋಟು ಹಸಿರು, ಸದಸ್ಯರದ್ದು ನೀಲಿ.

ನಿಮಗೆ ಬೇಕಾದದ್ದು ತಿಂಗಳ ಮೇಲೆ ನಿಂತಿದೆ. ನವೆಂಬರ್ ಶುರುವಿನ ದೊಡ್ಡ ಮೀಟ್‌ಗಿಂತ (ಬೇಟೆಯವರೆಲ್ಲ ಸೇರುವ ಕೂಟಕ್ಕಿಂತ) ಮುಂಚೆ ಹೋಗುವುದಾದರೆ ಟ್ವೀಡ್ ಜಾಕೆಟ್, ಬಣ್ಣದ ಟೈ ಸಾಕು, ಕಂದು ಬೂಟೂ ನಡೆಯುತ್ತದೆ. ಆಮೇಲೆ ಹೋದರೆ ಕಪ್ಪು ಅಥವಾ ಕಡು ನೀಲಿ ಜಾಕೆಟ್, ತಿಳಿ ಕಂದು ಬ್ರೀಚಸ್ (ಸವಾರಿಯ ಬಿಗಿ ಪ್ಯಾಂಟು), ಉದ್ದನೆಯ ಕಪ್ಪು ಬೂಟು, ಕೈಗವಸು, ಕುತ್ತಿಗೆಗೆ ಬಿಳಿ ಸ್ಟಾಕ್. ಬಿಳಿ ಬ್ರೀಚಸ್ ಬೇಡ, ಅದು ಕೆಂಪು ಕೋಟಿನವರ ಜೋಡಿ. ಎಲ್ಲವನ್ನೂ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಹೆಲ್ಮೆಟ್ ಒಂದನ್ನು ಬಿಟ್ಟು. ಬೇರೆಯವರು ಬಿದ್ದೆದ್ದ ಹೆಲ್ಮೆಟ್ ನಿಮ್ಮ ತಲೆ ಕಾಯುತ್ತೆ ಅಂತ ನಂಬೋಕಾಗಲ್ಲ.

ಈಗ ಸ್ಟಾಕ್ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಲಿಲ್ಲ. ಸ್ಟಾಕ್ ಅಂದರೆ ಕುತ್ತಿಗೆಗೆ ಸುತ್ತಿ ಮುಂದೆ ಗಂಟು ಹಾಕುವ ಉದ್ದನೆಯ ಬಿಳಿ ಬಟ್ಟೆ. ಗಂಟು ಜಾರದಿರಲಿ ಅಂತ ಮೇಲೊಂದು ಸಾದಾ ಚಿನ್ನದ ಬಣ್ಣದ ಪಿನ್. ಕಟ್ಟಲು ಬರುವುದಿಲ್ಲ ಅಂತ ನಾನು ಸಿದ್ಧವಾಗಿ ಹೊಲಿದ ಸ್ಟಾಕ್ ತಂದೆ, ಹಿಂದೆ ಅಂಟಿಸಿದರೆ ಆಯಿತು. ಪಿನ್ನನ್ನು ಸೆರಗಿಗೆ ಚುಚ್ಚುವ ಹಾಗೆ ಮೇಲಿನಿಂದ ಕೆಳಕ್ಕೆ, ನೆಟ್ಟಗೆ ಚುಚ್ಚಿಕೊಂಡೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು. ಎರಡನೇ ಬೇಲಿ ಹಾರುವಾಗ ಮುಂದಕ್ಕೆ ಬಾಗಿದೆ, ಬಾಗಲೇಬೇಕು, ಪಿನ್ನಿನ ಕೊಂಡಿ ಬಿಚ್ಚಿಕೊಂಡಿತು, ಮೊನೆ ಗದ್ದದ ಕೆಳಗೆ ನುಗ್ಗಿತು. ಗಾಯ ಆಳವಾಗಿರಲಿಲ್ಲ, ಆದರೆ ರಕ್ತ ನಿಲ್ಲಲಿಲ್ಲ. ವಯಸ್ಸಾದ ಹೆಂಗಸೊಬ್ಬರು ಕುದುರೆ ನಿಲ್ಲಿಸಿ ಬಂದರು. ನನ್ನ ಸ್ಟಾಕ್ ಬಿಚ್ಚಲು ನೋಡಿದರು. ಅದು ಹೊಲಿದ ಗಂಟು, ಬಿಚ್ಚಿಕೊಳ್ಳುವುದೇ ಇಲ್ಲ. ಕೊನೆಗೆ ತಮ್ಮದನ್ನೇ ಬಿಚ್ಚಿ ನನಗೆ ಕಟ್ಟಿದರು. ಆಗ ಗೊತ್ತಾಗಿದ್ದು, ಆ ಬಟ್ಟೆ ಇರುವುದೇ ಅದಕ್ಕೆ. ಬಿದ್ದವರಿಗೆ ಬ್ಯಾಂಡೇಜ್, ಮುರಿದ ಕೈಗೆ ಜೋಲಿ. ಪಿನ್ ಅಡ್ಡ ಇರಬೇಕು ಅನ್ನುವುದೂ ಅದಕ್ಕೇ, ಬಿಚ್ಚಿಕೊಂಡರೂ ಗಂಟಲ ಕಡೆ ತಿರುಗಬಾರದು. ಬಾಡಿಗೆ ಕುದುರೆಯ ದುಡ್ಡು ಹೋಯಿತು, ಹೋಗಲಿ. ಗೆಳತಿ ರಜೆ ಹಾಕಿ ಬಂದಿದ್ದಳು, ಇಡೀ ವರ್ಷ ಕಾದಿದ್ದ ದಿನ, ನನ್ನ ಜೊತೆ ಆಸ್ಪತ್ರೆಯಲ್ಲಿ ಕೂತಳು. ಅದು ಇವತ್ತಿಗೂ ನನಗೆ ನೋವು.

ಹಾಗಾಗಿ ‘ಸರಿಯಾಗಿ ಕಾಣೋದು ಹೇಗೆ’ ಅಂತ ಕೇಳಬೇಡಿ. ‘ಇದು ಯಾಕೆ ಹೀಗಿದೆ’ ಅಂತ ಪ್ರತಿಯೊಂದಕ್ಕೂ ಕೇಳಿ. ನೀವು ಹೆಣ್ಣೋ ಗಂಡೋ ಪ್ರಶ್ನೆಯಿಂದ ಗೊತ್ತಾಗಲಿಲ್ಲ. ಉದ್ದ ಕೂದಲಿದ್ದರೆ ಬಲೆಯೊಳಗೆ ಕಟ್ಟಿ ಹೆಲ್ಮೆಟ್ ಕೆಳಗೆ ಸೇರಿಸಿ, ಇಲ್ಲದಿದ್ದರೆ ಮುಳ್ಳುಬೇಲಿಗೆ ಸಿಕ್ಕಿಕೊಳ್ಳುತ್ತದೆ. ಜುಮುಕಿ, ಬಳೆ ಮನೆಯಲ್ಲೇ ಇರಲಿ. ಕುದುರೆಯ ಬಾಲವನ್ನೂ ನೋಡಿ. ಕೆಂಪು ರಿಬ್ಬನ್ ಕಟ್ಟಿದ್ದರೆ ಅದು ಒದೆಯುತ್ತೆ, ದೂರ ಇರಿ. ಹಸಿರು ಕಟ್ಟಿದ್ದರೆ ಎಳೇ ಕುದುರೆ, ಇನ್ನೂ ಪಳಗಿಲ್ಲ.

ಬಟ್ಟೆ ಕೊಳ್ಳುವ ಮೊದಲೇ ಹಂಟ್ ಸೆಕ್ರೆಟರಿಗೆ ಫೋನ್ ಮಾಡಿ. ಅತಿಥಿ ಸವಾರರು ಎಷ್ಟು ಶುಲ್ಕ ಕೊಡಬೇಕು, ಆ ದಿನ ಏನು ಹಾಕಿಕೊಳ್ಳಬೇಕು, ಎಲ್ಲ ಅವರೇ ಹೇಳುತ್ತಾರೆ. ಅಲ್ಲಿಗೆ ಹೋದ ಮೇಲೆ ಮಾಸ್ಟರ್‌ಗೆ ‘ಗುಡ್ ಮಾರ್ನಿಂಗ್ ಮಾಸ್ಟರ್’ ಅನ್ನಿ, ಹೌಂಡ್‌ಗಳನ್ನು ನಾಯಿ ಅನ್ನಬೇಡಿ. ನೀವು ಸವಾರಿ ಮಾಡುತ್ತೀರಾ ಇಲ್ಲವಾ ಅಂತಲೂ ಬರೆದಿಲ್ಲ. ಕಾಲ್ನಡಿಗೆಯಲ್ಲಿ ನೋಡಲು ಹೋಗುವುದಾದರೆ ಇದ್ಯಾವುದೂ ಬೇಡ. ಮಂಕು ಬಣ್ಣದ ಬೆಚ್ಚನೆಯ ಮಳೆ ಕೋಟು, ಕೆಸರಿನ ಬೂಟು, ಅಷ್ಟೇ.

ಇನ್ನೊಂದು ಮಾತು, ಇದನ್ನು ನೀವು ಕೇಳಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೌಂಡ್‌ಗಳಿಂದ ನರಿ ಬೇಟೆಯಾಡುವುದು 2005ರ ಫೆಬ್ರವರಿಯಿಂದ ಕಾನೂನುಬಾಹಿರ. ಈಗ ನಡೆಯುವುದು ಟ್ರೇಲ್ ಹಂಟಿಂಗ್, ಅಂದರೆ ಮೊದಲೇ ಎಳೆದಿಟ್ಟ ವಾಸನೆಯ ಹಿಂದೆ ಓಡುವುದು. ಅದರ ನೆಪದಲ್ಲಿ ನಿಜವಾದ ನರಿಯನ್ನೇ ಅಟ್ಟುತ್ತಾರೆ ಅನ್ನುವ ಆರೋಪ ಇದೆ, ವಿರೋಧಿಸುವವರು ಕ್ಯಾಮೆರಾ ಹಿಡಿದು ಬರುತ್ತಾರೆ. ಅದನ್ನೂ ನಿಷೇಧಿಸುತ್ತೇವೆ ಅಂತ ಲೇಬರ್ ಪಕ್ಷ 2024ರ ಪ್ರಣಾಳಿಕೆಯಲ್ಲಿ ಬರೆದಿತ್ತು. ನರಿ ಸಾಯುವುದನ್ನು ನೋಡಲು ನನಗೆ ಮನಸ್ಸಿಲ್ಲ. ಆದ್ದರಿಂದ ನಾನು ಈಗ ಡ್ರ್ಯಾಗ್ ಹಂಟ್‌ಗೆ ಮಾತ್ರ ಹೋಗುತ್ತೇನೆ. ಅಲ್ಲಿ ಬೆನ್ನಟ್ಟುವುದು ಪ್ರಾಣಿಯದ್ದಲ್ಲದ ವಾಸನೆಯನ್ನು. ಬ್ಲಡ್‌ಹೌಂಡ್‌ಗಳಿದ್ದರೆ ಓಡುವ ಮನುಷ್ಯನನ್ನೇ ಹುಡುಕಿಕೊಂಡು ಹೋಗುತ್ತವೆ. ಉಡುಪು ಹೆಚ್ಚು ಕಡಿಮೆ ಇದೇ, ಬೇಲಿಗಳೂ ಜಾಸ್ತಿ. ನಿಮ್ಮನ್ನು ಕರೆದವರನ್ನು ಮೊದಲು ಇದನ್ನೇ ಕೇಳಿ, ಕೋಟಿನ ಮಾತು ಆಮೇಲೆ.