ಸಣ್ಣ ರಿವಾಲ್ವರ್‌ನ ಅಭ್ಯಾಸದ ತೋಟಾಕ್ಕೆ ಚಪ್ಪಟೆ ಮೂತಿಯ ಸೀಸದ ಗುಂಡೇ ಯಾಕೆ?

ಕಡಿಮೆ ಮದ್ದಿನಲ್ಲೂ ಅದು ನಳಿಕೆ ದಾಟಿ ಸಲೀಸಾಗಿ ಹೊರಬರುತ್ತದೆ, ಅದಕ್ಕೆ. ಅಮೆರಿಕದಲ್ಲಿ .38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವವರಿಗೆ ಈ ವಾಡ್‌ಕಟರ್ ಗುಂಡು ಅಚ್ಚುಮೆಚ್ಚು. ರಿವಾಲ್ವರ್ ಹಗುರವಾದಷ್ಟೂ ಕೈಗೆ ಒದೆತ ಜಾಸ್ತಿ ಅಲ್ವಾ, ಹಾಗಾಗಿ ಮದ್ದು ತಗ್ಗಿಸುತ್ತಾರೆ. ಆದರೆ ತಾಮ್ರದ ಹೊದಿಕೆಯ ಗುಂಡು ಬಿಗಿ. ಒತ್ತಡ ಸಾಲದಿದ್ದರೆ ನಳಿಕೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಗೊತ್ತಾಗದೆ ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಕೆ ಉಬ್ಬಬಹುದು, ಸೀಳಲೂಬಹುದು. ಮೆದು ಸೀಸಕ್ಕೆ ಉಜ್ಜಾಟ ಕಡಿಮೆ.

ಇನ್ನೊಂದು ವಿಷಯ. ಈ ತೋಟಾದ ಹಿತ್ತಾಳೆ ಕೇಸಿನ, ಅಂದರೆ ಮದ್ದು ತುಂಬುವ ಕೊಳವೆಯ, ಅಳತೆ ಹಳೆಯ ಕರಿಮದ್ದಿನ ಕಾಲದ್ದು. ಈಗಿನ ಹೊಗೆಯಿಲ್ಲದ ಮದ್ದು ತಳದಲ್ಲಿ ಚೂರೇ ಕೂರುತ್ತದೆ, ಮಿಕ್ಕದ್ದು ಖಾಲಿ. ವಾಡ್‌ಕಟರ್ ಬಾಯಿಮಟ್ಟಕ್ಕೆ ಒಳಗೆ ಕೂತು ಆ ಜಾಗದ ಬಹುಪಾಲು ತುಂಬುತ್ತದೆ. ಅಪಾಯ ಇರುವುದೂ ಆ ಖಾಲಿ ಜಾಗದಲ್ಲೇ: ತಪ್ಪಿ ಎರಡು ಸಲ ಮದ್ದು ಬಿದ್ದರೂ ಕೇಸು ತುಂಬಿ ಚೆಲ್ಲುವುದಿಲ್ಲ, ಹಾಗಾಗಿ ಗೊತ್ತಾಗುವುದಿಲ್ಲ. ಗುಂಡು ಕೂರಿಸುವ ಮೊದಲು ಪ್ರತಿ ಕೇಸಿನೊಳಗೂ ಟಾರ್ಚ್ ಬಿಟ್ಟು ನೋಡಲೇಬೇಕು. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ.