ಇಂಗ್ಲೆಂಡಿಗೆ ಗಾಲ್ಫ್ ಪ್ರವಾಸ ಹೋದರೆ ಯಾವ ಹಳೆಯ ಲಿಂಕ್ಸ್ ಕೋರ್ಸ್ ಆಡಬೇಕು?

ಒಂದನ್ನೇ ಆಡಲು ಸಮಯ ಇದ್ದರೆ ಡೆವನ್ ಕರಾವಳಿಯ ರಾಯಲ್ ನಾರ್ತ್ ಡೆವನ್‌ಗೆ ಹೋಗಿ. 1864ರ ಕ್ಲಬ್ ಇದು, ಇಂಗ್ಲೆಂಡಿನಲ್ಲಿ ಮೊದಲಿನ ಜಾಗದಲ್ಲೇ ಇಂದಿಗೂ ಆಟ ನಡೆಯುತ್ತಿರುವ ಅತಿ ಹಳೆಯ ಕೋರ್ಸ್. ಬ್ರಿಟನ್ನಿನ ದೊಡ್ಡ ಗಾಲ್ಫ್ ಪಂದ್ಯಾವಳಿ ಓಪನ್ ಅನ್ನು ಐದು ಸಲ ಗೆದ್ದ ಆಟಗಾರ ಜೆ.ಎಚ್. ಟೇಲರ್ ಹುಟ್ಟಿದ್ದು ಪಕ್ಕದ ನಾರ್ಥಮ್‌ನಲ್ಲಿ, ಹುಡುಗನಾಗಿದ್ದಾಗ ಇಲ್ಲೇ ಕ್ಯಾಡಿ, ಅಂದರೆ ಆಟಗಾರರ ಗಾಲ್ಫ್ ಕೋಲುಗಳನ್ನು ಹೊರುವವರು, ಆಗಿದ್ದರು.

ಲಿಂಕ್ಸ್ ಅಂದರೆ ಸಮುದ್ರಕ್ಕೂ ಹೊಲಗಳಿಗೂ ನಡುವಿನ ಮರಳು ನೆಲ. ಮರಗಳಿಲ್ಲ, ಗಾಳಿಗೆ ತಡೆಯೇ ಇಲ್ಲ. ಬೆಂಗಳೂರಲ್ಲಿ ಚೆಂಡನ್ನು ಎತ್ತರಕ್ಕೆ ಹೊಡೆದು ಅಭ್ಯಾಸ ಆದವರು ಇಲ್ಲಿ ಅದನ್ನು ಬಿಡಬೇಕು, ಏಕೆಂದರೆ ಎತ್ತರ ಹೋದ ಚೆಂಡನ್ನು ಗಾಳಿ ತನಗೆ ಬೇಕಾದ ಕಡೆ ಒಯ್ಯುತ್ತದೆ, ಆದ್ದರಿಂದ ತಗ್ಗಾಗಿ ಹೊಡೆದು ಗಟ್ಟಿ ನೆಲದ ಮೇಲೆ ಉರುಳಿಸಿ ಗ್ರೀನ್‌ಗೆ (ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ) ಸೇರಿಸುವುದೇ ಇಲ್ಲಿನ ಆಟ. ನಾಲ್ಕನೇ ಹೋಲ್‌ನ ಕೇಪ್ ಬಂಕರ್ ಎಂಬ ಮರಳು ಗುಂಡಿಗೆ ರೈಲು ಹಳಿಯಡಿ ಹಾಕುವ ಮರದ ದಿಮ್ಮಿಗಳ ಗೋಡೆ ಇದೆ. ಚೆಂಡನ್ನು ಅದರಾಚೆ ದಾಟಿಸುವ ಖುಷಿಯೇ ಬೇರೆ!

ಇನ್ನೊಂದು ವಿಷಯ. ಇದು ಊರವರ ಗೋಮಾಳದಂಥ ಜಾಗ, ಕುರಿ ಕುದುರೆಗಳು ಮೇಯುತ್ತಿರುತ್ತವೆ. ಚೂಪಾದ ಜೊಂಡಿನೊಳಗೆ ಚೆಂಡು ಹೋದರೆ ಸುಮ್ನೆ ಹಟ ಮಾಡಬೇಡಿ, ಕೈ ಚುಚ್ಚುತ್ತದೆ. ಹೋಗೋದಿದ್ದರೆ ಬೇಗ ಹೋಗಿ, ಸಮುದ್ರ ದಡವನ್ನು ಕೊರೆಯುತ್ತಿದೆ.