ಏಂಜೆಲ್ ಮೀನಿನ ಜೊತೆ ನಿಯಾನ್ ಟೆಟ್ರಾ ಬಿಡಬಹುದೇ?

ದಯವಿಟ್ಟು ಬೇಡ. ಮರಿ ಏಂಜೆಲ್ ಈಗ ಸಾಧುವಾಗಿಯೇ ಕಾಣುತ್ತದೆ, ನಿಜ. ಆದರೆ ಅದು 15 ಸೆಂ.ಮೀ.ವರೆಗೂ ಬೆಳೆಯುತ್ತದೆ; ನಿಯಾನ್ ಬೆಳೆದರೂ ಮೂರು-ನಾಲ್ಕು ಸೆಂ.ಮೀ. ಅಷ್ಟೇ. ಬಾಯಿಗೆ ಹಿಡಿಸುವ ಮೀನು ಏಂಜೆಲ್‌ಗೆ ಆಹಾರವೇ. ರಾತ್ರಿ ದೀಪ ಆರಿಸುವಾಗ ಹತ್ತು ಇದ್ದ ನಿಯಾನ್‌ಗಳು ಬೆಳಿಗ್ಗೆ ಎಂಟಾಗಿರುತ್ತವೆ, ತೊಟ್ಟಿಯಲ್ಲಿ ಸತ್ತ ಮೀನೂ ಸಿಗುವುದಿಲ್ಲ.

ನಿಯಾನ್ ಬೇಕೇ ಬೇಕೆಂದರೆ ಏಂಜೆಲ್ ಆಸೆ ಕೈಬಿಟ್ಟು, ಕನಿಷ್ಠ ಆರು ನಿಯಾನ್‌ಗಳನ್ನು ಒಟ್ಟಿಗೆ ಬಿಡಿ. ಒಂಟಿಯಾದರೆ ಹೆದರಿ ಗಿಡದ ಹಿಂದೆಯೇ ಅಡಗಿರುತ್ತವೆ. ತಳಕ್ಕೆ ಕೋರಿಡೋರಸ್ ಎಂಬ ಪುಟ್ಟ ಮೀಸೆಮೀನು ಚೆನ್ನಾಗಿ ಹೊಂದುತ್ತದೆ, ಅದೂ ಗುಂಪಾಗಿಯೇ ಇರಬೇಕು. ಮರಳು ನುಣುಪಾಗಿರಲಿ, ಒರಟು ಕಲ್ಲಿಗೆ ಅದರ ಮೀಸೆ ಸವೆಯುತ್ತದೆ. ಎರಡಕ್ಕೂ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು ಒಗ್ಗುತ್ತದೆ.

ಏಂಜೆಲ್ ಸಾಕುವುದಾದರೆ ಟೈಗರ್ ಬಾರ್ಬ್ ಮೀನಿನ ಜೊತೆ ಹಾಕಬೇಡಿ, ಆ ಬಾರ್ಬ್ ಉದ್ದ ರೆಕ್ಕೆ ಕಂಡರೆ ಕಚ್ಚಿ ಹರಿಯುತ್ತದೆ.